ಹಕ್ಕಿ ಫೋಟೋಗೆ ಕುಂಚದ ಸ್ಪರ್ಶ: ಪೇಂಟಿಂಗ್ ಫಿಲ್ಟರ್ ಬಳಸುವ ಕ್ರಮ

‘ನಾನು ತೆಗೆದ ಹಕ್ಕಿ ಫೋಟೋವನ್ನು ಪೇಂಟಿಂಗ್ ಥರ ಮಾಡುವುದು ಹೇಗೆ?’ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಸ್ವಲ್ಪ ದಿನ ಬಿಟ್ಟು ಅವರದೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಫಿಲ್ಟರ್ ಹಾಕಿದೆ, ಹಿನ್ನೆಲೆ ಚೆನ್ನಾಗಿ ಬಂತು, ಆದರೆ ಹಕ್ಕಿಯೇ ಕರಗಿಹೋಯಿತು. ಯಾಕೆ?’

ಕಾರಣ ಸರಳ. ಫಿಲ್ಟರ್ ಎಂದರೆ ಫೋಟೋದ ರೂಪವನ್ನು ತಾನಾಗಿ ಬದಲಿಸುವ ತಂತ್ರಾಂಶದ ಸಾಧನ. ಫಿಲ್ಟರ್‌ಗೆ ಹಕ್ಕಿ ಯಾವುದು, ಎಲೆ ಯಾವುದು ಎಂದು ಗೊತ್ತಿಲ್ಲ. ಅದಕ್ಕೆ ಕಾಣುವುದು ಪಕ್ಕಪಕ್ಕದ ಚುಕ್ಕಿಗಳ ಬಣ್ಣ ಮತ್ತು ಬೆಳಕು ಮಾತ್ರ. ಕಣ್ಣಿಗೂ ಕೊಂಬೆಗೂ ಅದು ಒಂದೇ ಅಳತೆಯ ಕುಂಚ ಹಿಡಿಯುತ್ತದೆ. ಎಲ್ಲಿ ದಪ್ಪ ಕುಂಚ, ಎಲ್ಲಿ ಸಣ್ಣ ಕುಂಚ, ಎಲ್ಲಿ ಕುಂಚವೇ ಬೇಡ ಎಂದು ನೀವು ಹೇಳಿಕೊಡಬೇಕು. ಈ ಲೇಖನ ಪೂರ್ತಿ ಅದರ ಬಗ್ಗೆಯೇ.

ಹಕ್ಕಿ ಚಿತ್ರ ಬರೆದ ಹಳೆಯ ಕಲಾವಿದರು ಇದನ್ನು ಚೆನ್ನಾಗಿ ತಿಳಿದಿದ್ದರು. 17ನೇ ಶತಮಾನದ ಆರಂಭದಲ್ಲಿ ಜಹಾಂಗೀರನ ಆಸ್ಥಾನದಲ್ಲಿದ್ದ ಉಸ್ತಾದ್ ಮನ್ಸೂರ್ ಬರೆದ ಹಕ್ಕಿಗಳನ್ನು ಒಮ್ಮೆ ಹುಡುಕಿ ನೋಡಿ. ಗರಿ, ಕೊಕ್ಕು, ಕಾಲಿನ ಬೆರಳು ಎಲ್ಲವೂ ಕೂದಲೆಳೆಯಷ್ಟು ನಾಜೂಕು. ಹಿನ್ನೆಲೆ ಮಾತ್ರ ತುಂಬಾ ಸರಳ. ಫಿಲ್ಟರ್ ಹಾಕುವಾಗಲೂ ಆ ಅಂತರ ಉಳಿಸಿಕೊಳ್ಳಿ.

ಏನೇನು ಬೇಕು

ಕಂಪ್ಯೂಟರ್‌ನಲ್ಲಿ ಮಾಡುವುದಾದರೆ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಸಾಕು. ಇದು ಪೂರ್ತಿ ಉಚಿತ. ಜೊತೆಗೆ ಜಿಮಿಕ್ ಎಂಬ ಪ್ಲಗಿನ್ ಹಾಕಿಕೊಳ್ಳಿ. ಪ್ಲಗಿನ್ ಎಂದರೆ ಮುಖ್ಯ ತಂತ್ರಾಂಶಕ್ಕೆ ಅಂಟಿಸಿಕೊಳ್ಳುವ ಸಣ್ಣ ತಂತ್ರಾಂಶ. ಜಿಮಿಕ್ ಫ್ರಾನ್ಸಿನ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಅದೂ ಉಚಿತ. ಅದರಲ್ಲಿ ನೂರಾರು ಫಿಲ್ಟರ್‌ಗಳಿವೆ, ನಮಗೆ ಬೇಕಾದ್ದು ಎರಡೋ ಮೂರೋ. ಫೋಟೋಶಾಪ್ ಇದ್ದವರು ಅದರಲ್ಲೇ ಮಾಡಬಹುದು. ಎರಡಕ್ಕೂ ಹೊಂದುವ ಹಾಗೆ ಹಂತಗಳನ್ನು ಕೊಟ್ಟಿದ್ದೇನೆ. ಮೊಬೈಲ್ ಮಾತ್ರ ಇರುವವರಿಗೆ ಕೊನೆಯ ಕಡೆ ಬೇರೆ ದಾರಿ ಇದೆ.

ಮೌಸ್ ಇದ್ದರೆ ಸಾಕು. ಪೆನ್ ಟ್ಯಾಬ್ಲೆಟ್ ಇದ್ದರೆ 6ನೇ ಹಂತ ಸುಲಭವಾಗುತ್ತದೆ. ಇದಕ್ಕಾಗಿಯೇ ಹೊಸದು ಕೊಳ್ಳಬೇಡಿ.

ಮೂರು ಪದ ಮೊದಲೇ ತಿಳಿದುಕೊಳ್ಳಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರ. ಮಾಸ್ಕ್ ಎಂದರೆ ಆ ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವ ಕಪ್ಪು ಬಿಳುಪಿನ ನಕ್ಷೆ. ಬಿಳಿ ಇದ್ದಲ್ಲಿ ಪದರ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ, ಬೂದು ಇದ್ದಲ್ಲಿ ಅರೆಬರೆ ಕಾಣುತ್ತದೆ. ಒಪಾಸಿಟಿ ಎಂದರೆ ಒಂದು ಪದರ ಎಷ್ಟು ದಟ್ಟವಾಗಿ ಕಾಣಬೇಕು ಎಂಬ ಶೇಕಡಾ ಲೆಕ್ಕ.

ಉದಾಹರಣೆಗೆ ಬಿಳಿಗತ್ತಿನ ಮಿಂಚುಳ್ಳಿಯನ್ನು ಇಟ್ಟುಕೊಳ್ಳೋಣ. ನಮ್ಮ ಕೆರೆ, ಗದ್ದೆ, ಊರೊಳಗಿನ ಕರೆಂಟ್ ತಂತಿ ಮೇಲೂ ಸಿಗುವ ಹಕ್ಕಿ. ಚಾಕಲೇಟ್ ಕಂದು ತಲೆ, ಬಿಳಿ ಎದೆ, ಹೊಳೆಯುವ ನೀಲಿ ಬೆನ್ನು, ದಪ್ಪ ಕೆಂಪು ಕೊಕ್ಕು. ನಾಲ್ಕು ಬಣ್ಣ, ನಾಲ್ಕೂ ಬೇರೆ ಬೇರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

1. ಸರಿಯಾದ ಫೋಟೋ ಆರಿಸಿ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹಾಳಾದ ಫೋಟೋವನ್ನು ಫಿಲ್ಟರ್ ಹಾಕಿ ಉಳಿಸಿಕೊಳ್ಳಬಹುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ. ಫೋಕಸ್ ತಪ್ಪಿದ ಕಣ್ಣು ಫಿಲ್ಟರ್ ಹಾಕಿದ ಮೇಲೆ ಕಪ್ಪು ಮಚ್ಚೆಯಾಗುತ್ತದೆ.

ಹಕ್ಕಿಯ ಹೊರಗೆರೆ ಸ್ಪಷ್ಟವಾಗಿರಲಿ. ಫೋಟೋವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ‘ಇದು ಮಿಂಚುಳ್ಳಿ’ ಎಂದು ಗೊತ್ತಾದರೆ ಆ ಫೋಟೋ ನಡೆಯುತ್ತದೆ. ಬೆಳಕು ಪಕ್ಕದಿಂದ ಬಿದ್ದಿದ್ದರೆ ಒಳ್ಳೆಯದು, ನೆರಳು ಬೆಳಕಿನ ಮಡಿಕೆಗಳು ಕುಂಚದ ಗೆರೆಗಳಿಗೆ ಆಧಾರವಾಗುತ್ತವೆ. ನಡುಹಗಲಿನ ಚಪ್ಪಟೆ ಬೆಳಕಿನಲ್ಲಿ ತೆಗೆದದ್ದು ಫಿಲ್ಟರ್ ನಂತರ ಇನ್ನೂ ಚಪ್ಪಟೆಯಾಗುತ್ತದೆ.

ಕೆಲವು ಹಕ್ಕಿಗಳು ಕಷ್ಟ ಕೊಡುತ್ತವೆ. ಬೆಳ್ಳಕ್ಕಿಯ ಬಿಳಿ ಮೈ ಬಿಸಿಲಿಗೆ ಸುಟ್ಟು ಪೂರ್ತಿ ಬೆಳ್ಳಗಾಗಿದ್ದರೆ ಫಿಲ್ಟರ್‌ಗೆ ಹಿಡಿಯಲು ಏನೂ ಇರುವುದಿಲ್ಲ. ನೀರುಕಾಗೆಯ ಕಪ್ಪು ಮೈಗೂ ಅದೇ ಗತಿ. ರಾಜಹಕ್ಕಿಯ ಉದ್ದ ಬಾಲದ ಪಟ್ಟಿಗಳು ತುಂಡುತುಂಡಾಗುತ್ತವೆ. ನವಿಲಿನ ಗರಿಯ ಕಣ್ಣುಗಳು, ಹಾಲಕ್ಕಿ ಗೂಬೆಯ ಮೈಮೇಲಿನ ಚುಕ್ಕೆಗಳು ಅಳಿಸಿಹೋಗುತ್ತವೆ. ಇವನ್ನು ಮಾಡಲೇಬಾರದು ಎಂದಲ್ಲ, ಆದರೆ ಮಾಸ್ಕ್ ಕೆಲಸ ಜಾಸ್ತಿ ಇರುತ್ತದೆ. ಮೊದಲ ಸಲಕ್ಕೆ ಮಿಂಚುಳ್ಳಿ, ನೀಲಕಂಠ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಯಂಥ ದೊಡ್ಡ ಬಣ್ಣದ ಹರವು ಇರುವ ಹಕ್ಕಿಗಳೇ ಸರಿ.

2. ಫಿಲ್ಟರ್‌ಗೆ ಮೊದಲು ಫೋಟೋ ಹದ ಮಾಡಿ

ಮೂಲ ಫೋಟೋವನ್ನು ಮುಟ್ಟಬೇಡಿ. ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

ಮೊದಲು ಕ್ರಾಪ್, ಅಂದರೆ ಬೇಡದ ಅಂಚು ಕತ್ತರಿಸುವುದು. ಹಕ್ಕಿ ನೋಡುತ್ತಿರುವ ದಿಕ್ಕಿಗೆ ಸ್ವಲ್ಪ ಜಾಗ ಬಿಡಿ. ಆಮೇಲೆ ನಾಯ್ಸ್ ಕಡಿಮೆ ಮಾಡಿ. ನಾಯ್ಸ್ ಎಂದರೆ ಕಡಿಮೆ ಬೆಳಕಲ್ಲಿ, ಹೆಚ್ಚು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಇಟ್ಟು ತೆಗೆದಾಗ ಬರುವ ಮರಳಿನಂಥ ಕಣಗಳು. ಇದನ್ನು ಬಿಟ್ಟು ಮುಂದೆ ಹೋದರೆ ಫಿಲ್ಟರ್ ಪ್ರತಿ ಕಣವನ್ನೂ ವಿವರ ಎಂದು ತಿಳಿದು ಅದರ ಸುತ್ತ ಕುಂಚ ಎಳೆಯುತ್ತದೆ. ತಿಳಿ ಆಕಾಶದ ತುಂಬಾ ಹುಳು ಹರಿದಾಡಿದಂತೆ ಕಾಣುತ್ತದೆ. ಹಿನ್ನೆಲೆಯಲ್ಲಿ ಧಾರಾಳವಾಗಿ, ಹಕ್ಕಿಯ ಮೇಲೆ ಹಗುರವಾಗಿ ನಾಯ್ಸ್ ತೆಗೆಯಿರಿ.

ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚೂಪು ಮಾಡುವುದು, ಈಗ ಬೇಡ. ಶಾರ್ಪನ್ ಮಾಡಿದಾಗ ಅಂಚುಗಳ ಪಕ್ಕ ಒಂದು ತೆಳು ಬಿಳಿ ಗೆರೆ ಬರುತ್ತದೆ. ಫೋಟೋದಲ್ಲಿ ಅದು ಕಾಣಿಸದೇ ಇರಬಹುದು. ಫಿಲ್ಟರ್ ಅದನ್ನು ಹಿಗ್ಗಿಸಿ ಹಕ್ಕಿಯ ಸುತ್ತ ಹೊಳೆಯುವ ಬೇಲಿ ಹಾಕುತ್ತದೆ. ಮೊಬೈಲ್‌ಗಳು ಫೋಟೋ ತೆಗೆಯುವಾಗಲೇ ಜಾಸ್ತಿ ಶಾರ್ಪನ್ ಮಾಡಿರುತ್ತವೆ. ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಾನು ತಿದ್ದದೆ ಉಳಿಸಿದ್ದು) ಇದ್ದರೆ ಅದರಿಂದಲೇ ಶುರುಮಾಡಿ.

ಬಿಳಿ ಎದೆಯ ಬೆಳಕನ್ನು ಸ್ವಲ್ಪ ಇಳಿಸಿ, ಕಂದು ಹೊಟ್ಟೆಯ ನೆರಳನ್ನು ಸ್ವಲ್ಪ ಏರಿಸಿ. ಎರಡರಲ್ಲೂ ಒಳಗಿನ ಛಾಯೆಗಳು ಕಾಣಬೇಕು.

3. ಅಳತೆಯನ್ನು ಈಗಲೇ ತೀರ್ಮಾನಿಸಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ‘ನೀವು ಹೇಳಿದ ಸಂಖ್ಯೆಯನ್ನೇ ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರ ತೊಂದರೆ ಬಹುಪಾಲು ಇಲ್ಲೇ ಇರುತ್ತದೆ.

ಗಿಂಪ್‌ನ ಆಯಿಲಿಫೈಯಂಥ ಫಿಲ್ಟರ್‌ಗಳು ಕುಂಚದ ಗಾತ್ರವನ್ನು ಪಿಕ್ಸೆಲ್‌ನಲ್ಲಿ ಅಳೆಯುತ್ತವೆ. ಪಿಕ್ಸೆಲ್ ಎಂದರೆ ಚಿತ್ರದ ಒಂದು ಚುಕ್ಕಿ. 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ 8 ಪಿಕ್ಸೆಲ್ ಕುಂಚ ಕಣ್ಣಿಗೇ ಕಾಣುವುದಿಲ್ಲ. 1500 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅದೇ ಕುಂಚ ನಾಲ್ಕು ಪಟ್ಟು ದಪ್ಪ. ದೊಡ್ಡ ಫೋಟೋಗೆ ಫಿಲ್ಟರ್ ಹಾಕಿ ಆಮೇಲೆ ಚಿಕ್ಕದು ಮಾಡಿದರೆ ಕುಂಚದ ಗುರುತುಗಳೆಲ್ಲ ಕುಗ್ಗಿ ಸುಮ್ನೆ ಮಸುಕಾದ ಫೋಟೋ ಆಗುತ್ತದೆ.

ಹಾಗಾಗಿ ಎಲ್ಲಿಗೆ ಬೇಕು ಎಂದು ಮೊದಲೇ ಯೋಚಿಸಿ. ಮೊಬೈಲ್, ಕಂಪ್ಯೂಟರ್ ಪರದೆಯಲ್ಲಿ ತೋರಿಸಲು 2000 ಪಿಕ್ಸೆಲ್ ಅಗಲ ಸಾಕು. ಗೋಡೆಗೆ ಹಾಕಲು 12×18 ಇಂಚಿನ ಪ್ರಿಂಟ್ ಬೇಕಾದರೆ, ಇಂಚಿಗೆ 300 ಪಿಕ್ಸೆಲ್‌ನಂತೆ 3600×5400 ಆಗುತ್ತದೆ. ಪೇಂಟಿಂಗ್‌ನಂಥ ಚಿತ್ರಕ್ಕೆ ಇಂಚಿಗೆ 200 ಇದ್ದರೂ ನಡೆಯುತ್ತದೆ, ಅಂದರೆ 2400×3600. ಫೋಟೋವನ್ನು ಆ ಅಳತೆಗೆ ತಂದು, ಆಮೇಲೆ ಫಿಲ್ಟರ್ ಹಾಕಿ. ಇಲ್ಲಿ ನಾನು ಕೊಡುವ ಸಂಖ್ಯೆಗಳು ಸುಮಾರು 3000 ಪಿಕ್ಸೆಲ್ ಅಗಲದ ಚಿತ್ರಕ್ಕೆ. ನಿಮ್ಮದು 1500 ಇದ್ದರೆ ಪಿಕ್ಸೆಲ್ ಸಂಖ್ಯೆಗಳನ್ನು ಅರ್ಧ ಮಾಡಿಕೊಳ್ಳಿ.

4. ಮೂರು ಪದರ, ಎರಡು ಕುಂಚ

ಫೋಟೋ ತೆರೆದು ಆ ಲೇಯರ್‌ನ ಎರಡು ನಕಲು ಮಾಡಿ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜೆ, ಗಿಂಪ್‌ನಲ್ಲಿ ಶಿಫ್ಟ್ ಕಂಟ್ರೋಲ್ ಡಿ. ತಳದ ಲೇಯರ್‌ಗೆ ‘ಮೂಲ’, ನಡುವಿನದಕ್ಕೆ ‘ಹಕ್ಕಿ’, ಮೇಲಿನದಕ್ಕೆ ‘ಹಿನ್ನೆಲೆ’ ಎಂದು ಹೆಸರು ಕೊಡಿ. ಹೆಸರು ಕೊಡದೆ ಮುಂದೆ ಹೋದರೆ ಯಾವುದರ ಮೇಲೆ ಕೆಲಸ ಮಾಡುತ್ತಿದ್ದೀರಿ ಎಂದೇ ಮರೆತುಹೋಗುತ್ತದೆ.

ಮೊದಲು ‘ಹಿನ್ನೆಲೆ’ ಲೇಯರ್. ಇಲ್ಲಿ ದಪ್ಪ ಕುಂಚ. ಗಿಂಪ್‌ನಲ್ಲಿ ಫಿಲ್ಟರ್ಸ್ ಮೆನುವಿಗೆ ಹೋಗಿ, ಆರ್ಟಿಸ್ಟಿಕ್, ಅದರೊಳಗೆ ಆಯಿಲಿಫೈ. ಮಾಸ್ಕ್ ರೇಡಿಯಸ್ ಎಂಬ ಸ್ಲೈಡರನ್ನು 12ರಿಂದ 18ರ ನಡುವೆ ಇಡಿ. ಹೆಸರಲ್ಲಿ ಮಾಸ್ಕ್ ಇದ್ದರೂ ಇದಕ್ಕೂ ಲೇಯರ್ ಮಾಸ್ಕ್‌ಗೂ ಸಂಬಂಧ ಇಲ್ಲ, ಇದು ಕುಂಚದ ಗಾತ್ರ. ಫೋಟೋಶಾಪ್‌ನಲ್ಲಿ ಮೊದಲು ಫಿಲ್ಟರ್ ಮೆನುವಿನ ಕನ್ವರ್ಟ್ ಫಾರ್ ಸ್ಮಾರ್ಟ್ ಫಿಲ್ಟರ್ಸ್ ಒತ್ತಿ. ಹೀಗೆ ಮಾಡಿದರೆ ಫಿಲ್ಟರ್ ಹಾಕಿದ ಮೇಲೂ ಸಂಖ್ಯೆಗಳನ್ನು ಬದಲಿಸಬಹುದು. ಆಮೇಲೆ ಫಿಲ್ಟರ್, ಸ್ಟೈಲೈಜ್, ಆಯಿಲ್ ಪೇಂಟ್. ಸ್ಟೈಲೈಜೇಶನ್ 7, ಕ್ಲೀನ್‌ಲಿನೆಸ್ 7, ಸ್ಕೇಲ್ 3, ಬ್ರಿಸಲ್ ಡೀಟೇಲ್ 2 ಹಾಕಿ ನೋಡಿ. ಸ್ಟೈಲೈಜೇಶನ್ ಅಂದರೆ ಗೆರೆ ಎಷ್ಟು ನಯ ಎಂಬುದು. ಕ್ಲೀನ್‌ಲಿನೆಸ್ ಅಂದರೆ ಗೆರೆ ಎಷ್ಟು ಉದ್ದ ಎಂಬುದು. ಸ್ಕೇಲ್ ಅಂದರೆ ಕುಂಚದ ದಪ್ಪ. ಬ್ರಿಸಲ್ ಡೀಟೇಲ್ ಅಂದರೆ ಕುಂಚದ ಕೂದಲಿನ ಗುರುತು ಎಷ್ಟು ಕಾಣಬೇಕು ಎಂಬುದು.

ಈಗ ಹಕ್ಕಿ ಹಾಳಾಗಿ ಕಾಣುತ್ತದೆ. ಗಾಬರಿ ಬೇಡ, ಅಲ್ಲಿ ಈ ಪದರವನ್ನು ಮರೆಮಾಡುತ್ತೇವೆ.

ಆಮೇಲೆ ‘ಹಕ್ಕಿ’ ಲೇಯರ್. ಮೇಲಿನ ಲೇಯರ್‌ನ ಕಣ್ಣಿನ ಗುರುತು ಒತ್ತಿ ಅದನ್ನು ಮುಚ್ಚಿಡಿ. ಇಲ್ಲಿ ನನ್ನ ಆಯ್ಕೆ ಜಿಮಿಕ್‌ನ ಕುವಹಾರ ಫಿಲ್ಟರ್. ಗಿಂಪ್‌ನ ಫಿಲ್ಟರ್ಸ್ ಮೆನುವಿನಲ್ಲಿ ಜಿಮಿಕ್ ತೆರೆದು, ಹುಡುಕುವ ಜಾಗದಲ್ಲಿ ಆ ಹೆಸರಿನ (Kuwahara) ಮೊದಲ ಅಕ್ಷರಗಳನ್ನು ಹಾಕಿದರೆ ಸಿಗುತ್ತದೆ. ರೇಡಿಯಸ್ 3 ಅಥವಾ 4 ಸಾಕು. ಫೋಟೋಶಾಪ್‌ನವರು ಆಯಿಲ್ ಪೇಂಟನ್ನೇ ಸ್ಟೈಲೈಜೇಶನ್ 3, ಕ್ಲೀನ್‌ಲಿನೆಸ್ 4, ಸ್ಕೇಲ್ 0.5, ಬ್ರಿಸಲ್ ಡೀಟೇಲ್ 1 ಇಟ್ಟು ಹಾಕಿ.

ಕುವಹಾರ ಯಾಕೆ? ಇದು 1976ರಲ್ಲಿ ಜಪಾನಿನ ಸಂಶೋಧಕರು ಹೃದಯದ ವೈದ್ಯಕೀಯ ಚಿತ್ರಗಳನ್ನು ತಿಳಿ ಮಾಡಲು ಕಂಡುಹಿಡಿದ ವಿಧಾನ. ಪ್ರತಿ ಚುಕ್ಕಿಯ ಸುತ್ತ ನಾಲ್ಕು ಸಣ್ಣ ಚೌಕ ಹಾಕಿ, ಯಾವ ಚೌಕದಲ್ಲಿ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣವನ್ನು ಆ ಚುಕ್ಕಿಗೆ ಕೊಡುತ್ತದೆ. ಹಾಗಾಗಿ ಎರಡು ಬಣ್ಣ ಸೇರುವ ಗಡಿಯನ್ನು ಅದು ದಾಟುವುದಿಲ್ಲ. ಮಿಂಚುಳ್ಳಿಯ ಕಂದು ಭುಜ ಮತ್ತು ನೀಲಿ ರೆಕ್ಕೆ ಬೆರೆತು ಕೆಸರಾಗುವುದಿಲ್ಲ. ಒಳಗಿನ ಸಣ್ಣ ಪುಕ್ಕಗಳು ಮಾತ್ರ ಒಟ್ಟಾಗಿ ಬಣ್ಣದ ತೇಪೆಗಳಾಗುತ್ತವೆ. ಕಲಾವಿದರೂ ಹೀಗೇ ಅಲ್ವಾ ಮಾಡುವುದು, ಒಂದೊಂದು ಪುಕ್ಕ ಬರೆಯದೆ ಗುಂಪಾಗಿ ಬರೆಯುವುದು?

ಎಚ್ಚರ: ಆಯಿಲ್ ಪೇಂಟ್‌ನಲ್ಲಿ ಶೈನ್ ಎಂಬ ಸ್ಲೈಡರ್ ಇದೆ. ಬಣ್ಣ ಉಬ್ಬಿ ಹೊಳೆಯುವಂತೆ ತೋರಿಸುವುದು ಅದರ ಕೆಲಸ. ಹಕ್ಕಿಯ ಮೇಲೆ ಇದು ಜಾಸ್ತಿಯಾದರೆ ಪ್ಲಾಸ್ಟಿಕ್ ಗೊಂಬೆಯಾಗುತ್ತದೆ. ‘ಹಕ್ಕಿ’ ಲೇಯರ್‌ನಲ್ಲಿ ಲೈಟಿಂಗ್ ಗುರುತನ್ನೇ ತೆಗೆದುಬಿಡಿ. ‘ಹಿನ್ನೆಲೆ’ಯಲ್ಲಿ ಬೇಕಾದರೆ 0.5 ಇಡಿ, ಆದರೆ ಆ್ಯಂಗಲ್ ಫೋಟೋದಲ್ಲಿ ಬಿಸಿಲು ಬಂದ ಕಡೆಗೇ ಇರಲಿ.

ಆಯಿಲ್ ಪೇಂಟ್ ಮಸುಕಾಗಿ, ಒತ್ತಲು ಆಗದ ಹಾಗೆ ಕಂಡರೆ ಎರಡು ಕಾರಣ ಇರಬಹುದು. ಚಿತ್ರ ಪರದೆಯ ಬಣ್ಣಕ್ರಮವಾದ ಆರ್‌ಜಿಬಿ ಬದಲು ಸಿಎಂವೈಕೆಯಲ್ಲಿರಬಹುದು, ಅಂದರೆ ಮುದ್ರಣದ ಬಣ್ಣಕ್ರಮದಲ್ಲಿ. ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಆಫ್ ಆಗಿರಬಹುದು. 8ನೇ ಹಂತದಲ್ಲಿ ಬರುವ ಫಿಲ್ಟರ್ ಗ್ಯಾಲರಿ ಮಸುಕಾಗಿದ್ದರೆ ಚಿತ್ರವನ್ನು 8 ಬಿಟ್‌ಗೆ ಬದಲಿಸಿ.

5. ಮಾಸ್ಕ್: ಕಣ್ಣು ಮೊದಲು

‘ಹಿನ್ನೆಲೆ’ ಲೇಯರನ್ನು ಮತ್ತೆ ಕಾಣುವಂತೆ ಮಾಡಿ ಅದಕ್ಕೆ ಬಿಳಿ ಮಾಸ್ಕ್ ಸೇರಿಸಿ. ಮೆತ್ತನೆಯ ಅಂಚಿನ ಕಪ್ಪು ಬ್ರಷ್ ತೆಗೆದುಕೊಂಡು ಹಕ್ಕಿಯ ಮೇಲೆ ಬಳಿಯಿರಿ. ಕೆಳಗಿನ ಹಗುರ ಫಿಲ್ಟರ್‌ನ ಹಕ್ಕಿ ಎದ್ದು ಬರುತ್ತದೆ. ಕುಳಿತ ಕೊಂಬೆಯ ಮೇಲೆ ಬ್ರಷ್‌ನ ಒಪಾಸಿಟಿ 50ಕ್ಕೆ ಇಳಿಸಿ ಬಳಿಯಿರಿ. ಕೊಂಬೆ ಹಕ್ಕಿಗೂ ಹಿನ್ನೆಲೆಗೂ ನಡುವಿನ ಹದದಲ್ಲಿ ಇದ್ದರೆ ಚೆನ್ನ.

ಮುಂದೆ ‘ಹಕ್ಕಿ’ ಲೇಯರ್‌ಗೂ ಮಾಸ್ಕ್ ಸೇರಿಸಿ, ಕಣ್ಣಿನ ಮೇಲೆ ಪೂರ್ತಿ ಕಪ್ಪು ಬಳಿಯಿರಿ. ಅಲ್ಲಿ ಮೂಲ ಫೋಟೋದ ಕಣ್ಣೇ ಕಾಣಬೇಕು. ಕಾರಣ ಹೀಗಿದೆ. ರೇಡಿಯಸ್ 4 ಎಂದರೆ ಫಿಲ್ಟರ್ ಒಂದು ಚುಕ್ಕಿಗೆ ಸುತ್ತಲಿನ ಸುಮಾರು 80 ಚುಕ್ಕಿಗಳನ್ನು ನೋಡುತ್ತದೆ. ಕಣ್ಣಿನಲ್ಲಿ ಮಿನುಗುವ ಬೆಳಕಿನ ಚುಕ್ಕೆ ಇರುವುದು ಹತ್ತು ಹನ್ನೆರಡು ಪಿಕ್ಸೆಲ್. ಸುತ್ತಲಿನ ಕಪ್ಪಿನಲ್ಲಿ ಅದು ಮುಳುಗಿಹೋಗುತ್ತದೆ. ಮಿನುಗು ಹೋದರೆ ಹಕ್ಕಿ ಸತ್ತಂತೆ ಕಾಣುತ್ತದೆ. ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಚಿತ್ರ ಏಳುವುದಿಲ್ಲ.

ಕಣ್ಣಿನ ಸುತ್ತಲಿನ ಉಂಗುರ, ಕೊಕ್ಕಿನ ತುದಿ, ಮೂಗಿನ ಹೊಳ್ಳೆ, ಕಾಲಿನ ಬೆರಳುಗಳ ಮೇಲೆ 60-70 ಒಪಾಸಿಟಿಯಲ್ಲಿ ಬಳಿಯಿರಿ. ಕಣ್ಣಿನಿಂದ ದೂರ ಹೋದಂತೆ ಕಡಿಮೆ ಮಾಡುತ್ತಾ ಬನ್ನಿ. ಕಣ್ಣು ಪೂರ್ತಿ ಫೋಟೋ, ಬಾಲ ಪೂರ್ತಿ ಪೇಂಟಿಂಗ್, ನಡುವೆ ಎಲ್ಲೂ ಗಡಿ ಕಾಣಬಾರದು. ತಲೆಯ ನಡುವೆ ಒಂದು ಕಡೆ ಫೋಟೋ, ಪಕ್ಕದಲ್ಲೇ ಬಣ್ಣ ಎಂದು ಗೆರೆ ಕಂಡರೆ ಬ್ರಷ್ ದೊಡ್ಡದು ಮಾಡಿ, ಒಪಾಸಿಟಿ 20ಕ್ಕೆ ಇಳಿಸಿ, ಆ ಗಡಿಯ ಮೇಲೆ ಎರಡು ಮೂರು ಸಲ ಸವರಿ.

ಹೊರಗೆರೆಯ ಬಗ್ಗೆ ಒಂದು ಮಾತು. ಹಕ್ಕಿಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಮಾಸ್ಕ್ ಮಾಡಬೇಡಿ. ಹಕ್ಕಿಯನ್ನು ಬೇರೆಲ್ಲಿಂದಲೋ ತಂದು ಅಂಟಿಸಿದಂತೆ ಕಾಣುತ್ತದೆ. ತಲೆ, ಕೊಕ್ಕು, ಎದೆಯ ಅಂಚು ಗಟ್ಟಿಯಾಗಿರಲಿ. ಹೊಟ್ಟೆಯ ಕೆಳಗೆ, ಬಾಲದ ತುದಿಯಲ್ಲಿ, ನೆರಳಿನ ಕಡೆ ಹಿನ್ನೆಲೆಯ ದಪ್ಪ ಕುಂಚ ಸ್ವಲ್ಪ ಒಳಗೆ ನುಗ್ಗಲಿ.

6. ಗರಿಯ ದಿಕ್ಕಿಗೆ ಕುಂಚ ತಿರುಗಿಸಿ

ಹೆಚ್ಚಿನವರು 5ನೇ ಹಂತಕ್ಕೇ ನಿಲ್ಲಿಸುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ‘ಫಿಲ್ಟರ್ ಹಾಕಿದ ಫೋಟೋ’ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ನನಗೆ ಅತ್ಯಂತ ಇಷ್ಟವಾದ ಹಂತ ಇದು, ಇಲ್ಲಿ ನಿಮ್ಮ ಕೈ ಕೆಲಸ ಮಾಡುತ್ತದೆ.

ಫಿಲ್ಟರ್ ಎಳೆದ ಗೆರೆಗಳು ಬೆಳಕಿನ ಏರಿಳಿತವನ್ನು ಹಿಂಬಾಲಿಸುತ್ತವೆ, ಗರಿಯನ್ನಲ್ಲ. ರೆಕ್ಕೆಯ ಮೇಲೆ ಅಡ್ಡಡ್ಡ ಗೆರೆ ಬಂದಿರಬಹುದು. ಎದೆಯ ಮೇಲೆ ಸುರುಳಿ ಬಂದಿರಬಹುದು. ಹಕ್ಕಿ ನೋಡಿ ಅಭ್ಯಾಸ ಇರುವ ಕಣ್ಣಿಗೆ ಅದು ತಕ್ಷಣ ಕಿರಿಕಿರಿ ಕೊಡುತ್ತದೆ.

ಈಗ ಕಾಣುತ್ತಿರುವುದನ್ನೆಲ್ಲ ಸೇರಿಸಿ ಒಂದು ಹೊಸ ಲೇಯರ್ ಮಾಡಿ. ಗಿಂಪ್‌ನಲ್ಲಿ ಲೇಯರ್ ಮೆನುವಿನ ನ್ಯೂ ಫ್ರಂ ವಿಸಿಬಲ್, ಫೋಟೋಶಾಪ್‌ನಲ್ಲಿ ಕಂಟ್ರೋಲ್ ಆಲ್ಟ್ ಶಿಫ್ಟ್ ಇ. ಅದರ ಮೇಲೆ ಸ್ಮಜ್ ಟೂಲ್ ಬಳಸಿ. ಒದ್ದೆ ಬಣ್ಣವನ್ನು ಬೆರಳಿನಲ್ಲಿ ಎಳೆದ ಪರಿಣಾಮ ಕೊಡುವ ಸಾಧನ ಇದು. ಗಿಂಪ್‌ನಲ್ಲಿ ರೇಟ್, ಫೋಟೋಶಾಪ್‌ನಲ್ಲಿ ಸ್ಟ್ರೆಂತ್ ಎಂಬುದನ್ನು 30ರಿಂದ 45ರೊಳಗೆ ಇಡಿ. 80ಕ್ಕೆ ಇಟ್ಟರೆ ಬಣ್ಣ ಪೂರ್ತಿ ಹರಿದು ಬಳಿದುಕೊಳ್ಳುತ್ತದೆ. ದುಂಡು ಬ್ರಷ್‌ಗಿಂತ ಕೂದಲು ಬಿಡಿಬಿಡಿಯಾಗಿರುವ ಬ್ರಷ್ ಆರಿಸಿ.

ಹಕ್ಕಿಯ ಗರಿಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಇರುತ್ತವೆ. ಮುಂದಿನ ಗರಿಯ ತುದಿ ಹಿಂದಿನ ಗರಿಯ ಬುಡವನ್ನು ಮುಚ್ಚುತ್ತದೆ. ಹಾಗಾಗಿ ಪ್ರತಿ ಎಳೆತ ತಲೆಯಿಂದ ಬಾಲದ ಕಡೆಗೆ ಇರಲಿ. ಆದರೆ ಕೆಲಸವನ್ನು ಬಾಲದಿಂದ ಶುರುಮಾಡಿ ತಲೆಯ ಕಡೆಗೆ ಬನ್ನಿ. ಆಗ ಮುಂದಿನ ಸಾಲು ಹಿಂದಿನದರ ಮೇಲೆ ಸರಿಯಾಗಿ ಕೂರುತ್ತದೆ.

ಎಳೆತದ ಉದ್ದವೂ ಮುಖ್ಯ. ಬಾಲ ಮತ್ತು ರೆಕ್ಕೆಯ ದೊಡ್ಡ ಗರಿಗಳಿಗೆ ಉದ್ದನೆಯ ಒಂದೇ ಎಳೆತ, ಗರಿಯ ಬಾಗಿಗೆ ತಕ್ಕಂತೆ. ಬೆನ್ನಿಗೆ ಮಧ್ಯಮ. ಎದೆಗೆ ಗಿಡ್ಡ, ಸ್ವಲ್ಪ ಹೊರಕ್ಕೆ ಬಾಗಿದ್ದು. ನೆತ್ತಿ, ಕೆನ್ನೆಗೆ ತೀರಾ ಗಿಡ್ಡ, ಚುಕ್ಕಿಗಿಂತ ಸ್ವಲ್ಪ ಉದ್ದ ಅಷ್ಟೇ. ಕೊಕ್ಕಿಗೆ ಬುಡದಿಂದ ತುದಿಗೆ ಎರಡೇ ಎಳೆತ. ಕಣ್ಣನ್ನು ಮುಟ್ಟಲೇಬೇಡಿ. ಮೂಲ ಫೋಟೋವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಗರಿ ಎತ್ತ ಹೋಗಿದೆ ಎಂದು ನೋಡುತ್ತಾ ಮಾಡಿ.

ಹಿನ್ನೆಲೆಯಲ್ಲಿ ಹಾಗೆ ನಿಯಮ ಇಲ್ಲ. ನೀರಾದರೆ ಅಡ್ಡಕ್ಕೆ, ಹುಲ್ಲಾದರೆ ಮೇಲಕ್ಕೆ, ಖಾಲಿ ಆಕಾಶವಾದರೆ ಓರೆಯಾಗಿ ಎಳೆಯಿರಿ. ಹಕ್ಕಿಯ ಹಿಂದೆ ಯಾವುದಾದರೂ ಹೊಳೆಯುವ ಎಲೆ ಕಣ್ಣು ಸೆಳೆಯುತ್ತಿದ್ದರೆ ಅದನ್ನು ಇಲ್ಲೇ ಎಳೆದು ತಣ್ಣಗಾಗಿಸಿ.

ನೂರಕ್ಕೆ ನೂರು ಜೂಮ್ ಮಾಡಿಕೊಂಡೇ ಕೂರಬೇಡಿ. ಆಗಾಗ ಇಡೀ ಚಿತ್ರವನ್ನು ಪರದೆಗೆ ಹೊಂದಿಸಿ ನೋಡಿ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದರೂ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ.

7. ಬಣ್ಣ ಹಳಿಗೆ ತನ್ನಿ

ಸರಾಸರಿ ತೆಗೆಯುವ ಫಿಲ್ಟರ್‌ಗಳು ಬಣ್ಣವನ್ನು ಸ್ವಲ್ಪ ಮಂಕು ಮಾಡುತ್ತವೆ. ಆಗ ಎಲ್ಲರೂ ಸ್ಯಾಚುರೇಶನ್ ಸ್ಲೈಡರನ್ನು ಬಲಕ್ಕೆ ಎಳೆಯುತ್ತಾರೆ. ಸ್ಯಾಚುರೇಶನ್ ಎಂದರೆ ಬಣ್ಣದ ಗಾಢತೆ. ಮಿಂಚುಳ್ಳಿಯ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಬರುತ್ತದೆ. ಆ ನೀಲಿಯಲ್ಲಿ ಹಸಿರಿನ ಛಾಯೆಯಿಂದ ಹಿಡಿದು ಗಾಢ ನೀಲಿಯವರೆಗೆ ನಾನಾ ಮೆಟ್ಟಿಲುಗಳಿವೆ. ಸ್ಯಾಚುರೇಶನ್ ಏರಿಸಿದರೆ ಅವೆಲ್ಲ ಒಂದಾಗಿ ಬೋರ್ಡಿಗೆ ಬಳಿದ ಪೇಂಟ್ ಆಗುತ್ತದೆ.

ಬೇರೆ ದಾರಿ ಇದೆ. ‘ಮೂಲ’ ಲೇಯರ್‌ನ ಒಂದು ನಕಲು ಮಾಡಿ ಎಲ್ಲಕ್ಕಿಂತ ಮೇಲೆ ಇಡಿ. ಅದರ ಬ್ಲೆಂಡಿಂಗ್ ಮೋಡನ್ನು ಕಲರ್ ಎಂದು ಬದಲಿಸಿ. ಗಿಂಪ್‌ನಲ್ಲಿ ಎಲ್‌ಸಿಎಚ್ ಕಲರ್ ಆರಿಸಿ. ಬ್ಲೆಂಡಿಂಗ್ ಮೋಡ್ ಎಂದರೆ ಮೇಲಿನ ಪದರ ಕೆಳಗಿನದರ ಜೊತೆ ಹೇಗೆ ಬೆರೆಯಬೇಕು ಎಂಬ ಕ್ರಮ. ಈಗ ಮೇಲಿನ ಪದರದಿಂದ ಬಣ್ಣ ಮಾತ್ರ ಬರುತ್ತದೆ, ಕುಂಚದ ಗೆರೆಗಳು ಹಾಗೇ ಉಳಿಯುತ್ತವೆ. ಒಪಾಸಿಟಿ 30ರಿಂದ 50. ಹಕ್ಕಿಯ ನಿಜವಾದ ಬಣ್ಣ ವಾಪಸ್ ಬರುತ್ತದೆ.

ಹಿನ್ನೆಲೆಯಲ್ಲಿ ಬಣ್ಣಗಳು ಜಾಸ್ತಿ ಇದ್ದರೆ ಅಲ್ಲಿ ಸ್ಯಾಚುರೇಶನ್ ಇಳಿಸಿ. ಹಕ್ಕಿಯನ್ನು ಗಾಢ ಮಾಡುವುದಕ್ಕಿಂತ ಸುತ್ತಲಿನದನ್ನು ಮಂಕು ಮಾಡುವುದು ಯಾವಾಗಲೂ ಒಳ್ಳೆಯದು.

8. ಕ್ಯಾನ್ವಾಸ್ ನೇಯ್ಗೆ, ಬೇಕೆನಿಸಿದರೆ ಮಾತ್ರ

ಬಟ್ಟೆಯ ನೇಯ್ಗೆ ಕಾಣುವಂತೆ ಮಾಡಲು ಗಿಂಪ್‌ನಲ್ಲಿ ಅಪ್ಲೈ ಕ್ಯಾನ್ವಾಸ್, ಫೋಟೋಶಾಪ್‌ನ ಫಿಲ್ಟರ್ ಗ್ಯಾಲರಿಯಲ್ಲಿ ಟೆಕ್ಸ್ಚರೈಜರ್ ಇದೆ. ಹಗುರವಾಗಿ ಹಾಕಿ, ಕಣ್ಣಿನ ಮೇಲೆ ಮಾಸ್ಕ್ ಮಾಡಿ. ನಿಜವಾದ ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿಸುವುದಾದರೆ ಇದು ಬೇಡವೇ ಬೇಡ. ಎರಡು ನೇಯ್ಗೆ ಒಂದರ ಮೇಲೊಂದು ಬಿದ್ದು ಅಲೆಅಲೆಯಾಗಿ ಕಾಣುತ್ತದೆ.

ಮೊಬೈಲ್ ಮಾತ್ರ ಇದ್ದರೆ

2016ರಲ್ಲಿ ಬಂದ ಪ್ರಿಸ್ಮಾ ಮತ್ತು ಅದರ ನಂತರ ಬಂದ ಅಂಥದೇ ಆ್ಯಪ್‌ಗಳು ಒಂದು ಪೇಂಟಿಂಗ್‌ನ ಶೈಲಿಯನ್ನು ನಿಮ್ಮ ಫೋಟೋ ಮೇಲೆ ಹೊದಿಸುತ್ತವೆ. ಇವುಗಳಲ್ಲಿ ಪರಿಣಾಮವನ್ನು 100ಕ್ಕೆ ಬಿಡದೆ 40-60ಕ್ಕೆ ಇಳಿಸಿ ಉಳಿಸಿಕೊಳ್ಳಿ. ಆಮೇಲೆ ಸ್ನ್ಯಾಪ್‌ಸೀಡ್‌ನಲ್ಲಿ ಆ ಚಿತ್ರವನ್ನು ತೆರೆದು, ಡಬಲ್ ಎಕ್ಸ್‌ಪೋಶರ್ ಮೂಲಕ ಮೂಲ ಫೋಟೋವನ್ನು ಅದರ ಮೇಲೆ ತನ್ನಿ. ಒಪಾಸಿಟಿ ಪೂರ್ತಿ ಏರಿಸಿ. ಬಳಿಕ ವ್ಯೂ ಎಡಿಟ್ಸ್‌ಗೆ ಹೋಗಿ ಆ ಹಂತದ ಬ್ರಷ್ ಆರಿಸಿ, ಕಣ್ಣು ಮತ್ತು ಕೊಕ್ಕಿನ ಮೇಲೆ ಮಾತ್ರ ಬಳಿಯಿರಿ. ಎರಡೂ ಚಿತ್ರಗಳ ಕ್ರಾಪ್ ಒಂದೇ ಇರಬೇಕು. ಇಲ್ಲದಿದ್ದರೆ ಕಣ್ಣು ಪಕ್ಕಕ್ಕೆ ಸರಿಯುತ್ತದೆ.

ಎಐ ಫಿಲ್ಟರ್‌ಗಳ ಬಗ್ಗೆ

ಮೇಲೆ ಹೇಳಿದ ಆಯಿಲಿಫೈ, ಕುವಹಾರದಂಥವು ಫೋಟೋದಲ್ಲಿ ಇರುವುದನ್ನೇ ಅದಲು ಬದಲು ಮಾಡುತ್ತವೆ. ‘ಇದನ್ನು ಜಲವರ್ಣ ಮಾಡು’ ಎಂದು ಬರೆದು ಕೇಳುವ ಹೊಸ ಎಐ ಸಾಧನಗಳು ಹಾಗಲ್ಲ. ಅವು ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ನೋಡಲು ಸೊಗಸಾಗಿರುತ್ತದೆ, ಆದರೆ ನೀವು ನೋಡಿದ ಹಕ್ಕಿ ಅದಲ್ಲದೇ ಇರಬಹುದು.

ಬಳಸುವುದಾದರೆ ಕೆಲವನ್ನು ಪರೀಕ್ಷೆ ಮಾಡಿ. ಕಾಲಿನ ಬೆರಳು ಎಣಿಸಿ. ಹೆಚ್ಚಿನ ಹಕ್ಕಿಗಳಿಗೆ ಮುಂದೆ ಮೂರು, ಹಿಂದೆ ಒಂದು. ಗಿಳಿ, ಮರಕುಟಿಗಗಳಿಗೆ ಮುಂದೆ ಎರಡು, ಹಿಂದೆ ಎರಡು. ಕೊಕ್ಕಿನ ಉದ್ದ, ಬಾಗು ನೋಡಿ. ನಮ್ಮ ಸಾಮಾನ್ಯ ಹಸಿರು ಗಿಳಿಯಲ್ಲಿ ಕತ್ತಿನ ಕಪ್ಪು ಗುಲಾಬಿ ಉಂಗುರ ಬೆಳೆದ ಗಂಡಿಗೆ ಮಾತ್ರ ಇರುತ್ತದೆ. ಹೆಣ್ಣಿನ ಫೋಟೋ ಕೊಟ್ಟಾಗ ಎಐ ‘ಗಿಳಿ ಎಂದರೆ ಉಂಗುರ’ ಎಂದುಕೊಂಡು ಅದನ್ನೂ ಸೇರಿಸಿಬಿಡಬಹುದು. ಹಕ್ಕಿಯ ಮೇಲೆ ಪ್ರೀತಿ ಇದ್ದವರು ಇದನ್ನು ನೋಡದೆ ಮುಂದೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

9. ಉಳಿಸುವುದು, ಹಂಚುವುದು, ಪ್ರಿಂಟ್ ಹಾಕಿಸುವುದು

ಲೇಯರ್ ಸಮೇತ ಒಂದು ಫೈಲ್ ಇಟ್ಟುಕೊಳ್ಳಿ, ಗಿಂಪ್‌ನಲ್ಲಿ ಎಕ್ಸ್‌ಸಿಎಫ್, ಫೋಟೋಶಾಪ್‌ನಲ್ಲಿ ಪಿಎಸ್‌ಡಿ. ಹಂಚಲು ಜೆಪೆಗ್, ಗುಣಮಟ್ಟ 90. ಪ್ರಿಂಟ್‌ಗೆ ಟಿಫ್ ಅಥವಾ ಗರಿಷ್ಠ ಗುಣಮಟ್ಟದ ಜೆಪೆಗ್. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಕುಂಚದ ಗೆರೆಗಳೇ ಮೊದಲು ಹೋಗುತ್ತವೆ. ಸ್ಟುಡಿಯೋದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ.

ಹಂಚುವಾಗ ‘ಫೋಟೋ ಆಧಾರಿತ ಡಿಜಿಟಲ್ ಚಿತ್ರ’ ಎಂದು ಜೊತೆಗೆ ಬರೆಯಿರಿ. ಇಬರ್ಡ್, ಐನ್ಯಾಚುರಲಿಸ್ಟ್‌ನಂಥ ಹಕ್ಕಿ ದಾಖಲೆಯ ತಾಣಗಳಿಗೆ ಇದನ್ನು ಹಾಕಬೇಡಿ. ಅಲ್ಲಿ ಜನ ಪುಕ್ಕದ ಗುರುತು ನೋಡಿ ಹಕ್ಕಿಯನ್ನು ಪತ್ತೆಹಚ್ಚುತ್ತಾರೆ, ಅವರಿಗೆ ಮೂಲ ಫೋಟೋ ಬೇಕು. ಫೋಟೋ ಸ್ಪರ್ಧೆಗಳ ನೇಚರ್ ವಿಭಾಗದಲ್ಲೂ ಇಂಥ ಬದಲಾವಣೆಗೆ ಅವಕಾಶ ಇಲ್ಲ. ಕ್ರಿಯೇಟಿವ್ ಅಥವಾ ಡಿಜಿಟಲ್ ಆರ್ಟ್ ವಿಭಾಗ ಇದ್ದರೆ ಅಲ್ಲಿಗೆ ಕಳಿಸಿ. ಬೇರೆಯವರ ಫೋಟೋ ಮೇಲೆ ಮಾಡುವುದಾದರೆ ಮೊದಲು ಅವರನ್ನು ಕೇಳಿ. ಫಿಲ್ಟರ್ ಹಾಕಿದ ಮಾತ್ರಕ್ಕೆ ಫೋಟೋ ನಿಮ್ಮದಾಗುವುದಿಲ್ಲ.

ಪ್ರಿಂಟ್‌ಗೆ ಮ್ಯಾಟ್ ಕಾಗದ ಕೇಳಿ, ಅಂದರೆ ಹೊಳಪಿಲ್ಲದ್ದು. ಗ್ಲಾಸಿ ಕಾಗದದ ಹೊಳಪಿನಲ್ಲಿ ಕುಂಚದ ಗುರುತು ಸರಿಯಾಗಿ ಕಾಣುವುದಿಲ್ಲ. ಪರದೆಯಲ್ಲಿ ಕಂಡದ್ದಕ್ಕಿಂತ ಪ್ರಿಂಟ್ ಸಾಮಾನ್ಯವಾಗಿ ಸ್ವಲ್ಪ ಕಪ್ಪಗೆ ಬರುತ್ತದೆ, ಮಿಂಚುಳ್ಳಿಯ ಕಂದು ತಲೆಯಂಥ ಜಾಗಗಳು ಪೂರ್ತಿ ಮುಚ್ಚಿಹೋಗಬಹುದು. ಅದಕ್ಕೇ 12×18 ಹಾಕಿಸುವ ಮೊದಲು, ತಲೆ ಮತ್ತು ರೆಕ್ಕೆ ಬರುವ ಭಾಗವನ್ನಷ್ಟೇ ಅದೇ ಅಳತೆಯಲ್ಲಿ ಕತ್ತರಿಸಿ 4×6 ಇಂಚಿನ ಒಂದು ಪ್ರಿಂಟ್ ತೆಗೆಸಿ. ಮನೆಗೆ ತಂದು ಹಗಲು ಬೆಳಕಲ್ಲಿ ನೋಡಿ. ಕಪ್ಪಗಿದ್ದರೆ ನೆರಳಿನ ಭಾಗವನ್ನು ಸ್ವಲ್ಪ ಏರಿಸಿ, ಆಮೇಲೆ ದೊಡ್ಡದಕ್ಕೆ ಕೊಡಿ.